ಮರಿ ತೆಗೆಯೋದು ಡಬ್ಬ, ಸಾಕೋದು ಯಾಟೆ: ನನ್ನ ಅನುಭವ

ಈ ಸಲ ಯುಗಾದಿ ಹೊಸತೊಡಕಿಗೆ (ಹಬ್ಬದ ಮಾರನೇ ದಿನದ ಬಾಡೂಟಕ್ಕೆ) 38 ಹುಂಜ ಮಾರಿದೀನಿ, ನಲ್ವತ್ತೂ ಇರಬಹುದು, ಕೊನೆಗೆ ನೆಂಟರಿಗೆ ಕೊಟ್ಟಿದ್ದು ಲೆಕ್ಕ ಇಟ್ಟಿಲ್ಲ. ಎಲ್ಲಾ ಮನೇಲೇ ಮರಿ ಮಾಡ್ಸಿದ್ದು, ಒಂದು ಮರೀನೂ ದುಡ್ಡು ಕೊಟ್ಟು ತಂದಿದ್ದಲ್ಲ. ಮೊದಲೇ ಯಾಕೆ ಕೊಚ್ಕೊತಿದೀನಿ ಅಂದ್ರೆ ಮೂರು ವರ್ಷದ ಹಿಂದೆ ನಾನು ಮೊಟ್ಟೆಗೆ ಕಾವು ಕೊಡೋ ಮಿಷಿನ್ ಡಬ್ಬದಲ್ಲಿ ತೆಗೆದ ಮರೀನ ಕಾವು ಕೂತಿರೋ ಯಾಟೆ (ಹೆಣ್ಣು ಕೋಳಿ) ಕೆಳಗೆ ಬಿಡ್ತೀನಿ ಅಂದಾಗ ನಮ್ಮತ್ತೆಯಿಂದ ಹಿಡಿದು ಡೈರಿ ಹತ್ರ ಹಾಲು ಹಾಕಕ್ಕೆ ನಿಂತಿರೋರ ತನಕ ಎಲ್ರೂ ಹೇಳಿದ್ದು ಒಂದೇ, "ಅದು ಒಪ್ಪಲ್ಲ ಕಣಮ್ಮ, ಕುಕ್ಕಿ ಸಾಯಿಸ್ತದೆ."

ನಮ್ಮದು ತಿಪಟೂರು ಕಡೆ. ಎರಡೂವರೆ ಎಕರೆ, ಅದ್ರಲ್ಲಿ ತೆಂಗು, ಒಂದು ತುಂಡು ಖುಷ್ಕಿ ರಾಗಿಗೆ, ಎರಡು ಸೀಮೆಹಸು. ನಮ್ಮನೆಯವರು ಪಂಪ್‌ಸೆಟ್ ರಿಪೇರಿಗೆ ಹೋಗ್ತಾರೆ. ಕೋಳಿ ಅನ್ನೋದು ನನ್ನ ಡಿಪಾರ್ಟ್‌ಮೆಂಟು, ತವರುಮನೆಯಿಂದ ನಾಲ್ಕು ಯಾಟೆ ಒಂದು ಹುಂಜ ಚೀಲದಲ್ಲಿ ತಂದಿದ್ದು ಶುರು.

ನಿಮಗೆ ಗೊತ್ತಿರೋದೇ, ಒಂದು ನಾಟಿ ಯಾಟೆ ಕೆಳಗೆ 11 ಇಲ್ಲಾ 13 ಮೊಟ್ಟೆ ಇಟ್ರೆ ಒಂಬತ್ತು ಹತ್ತು ಮರಿ ಬರ್ತವೆ, ಅದ್ರಲ್ಲಿ ಹದ್ದಿಗೆ ಎರಡು, ಮುಂಗುಸಿಗೆ ಎರಡು, ಮಳೇಲಿ ನೆಂದು ಒಂದು, ಎರಡು ತಿಂಗಳಿಗೆ ನಾಲ್ಕು ಉಳಿದ್ರೆ ಪುಣ್ಯ. ಅಷ್ಟಕ್ಕೆ ಆ ಯಾಟೆ ಮೂರು ಮೂರೂವರೆ ತಿಂಗಳು ಮೊಟ್ಟೆನೇ ಇಡಲ್ಲ. ವರ್ಷಕ್ಕೆ ಮೂರು ಸಲ ಮರಿ ಮಾಡಿದ್ರೂ ಕೈಗೆ ಸಿಗೋದು ಹನ್ನೆರಡು. ಈ ಲೆಕ್ಕದಲ್ಲಿ ಮನೆ ಸಾರಿಗೆ ಆಗುತ್ತೆ, ವ್ಯಾಪಾರಕ್ಕಾಗಲ್ಲ.

ಅದಕ್ಕೇ ಮಿಷಿನ್ ಆಸೆ ಹುಟ್ಟಿದ್ದು. ಮೊದಲು ರೆಡಿಮೇಡ್ ಒಂದು ತರಿಸ್ದೆ, 6,500 ರೂಪಾಯಿ, ಹಸಿರು ಬಣ್ಣದ್ದು, ಮೊಟ್ಟೆ ತಾನೇ ತಿರುಗಿಸುತ್ತೆ ಅಂತೆಲ್ಲ ಇತ್ತು. 52 ಮೊಟ್ಟೆ ಹಾಕಿದ್ದಕ್ಕೆ 9 ಮರಿ ಬಂದ್ವು, ಅದೂ 23ನೇ ದಿನ, ಕಾಲು ಸೊಟ್ಟ ಆಗಿದ್ವು ಎರಡು. ಮಾರಿದೋರು ಫೋನ್ ಎತ್ಲಿಲ್ಲ. ನಮ್ಮನೆಯವರು ಆರು ತಿಂಗಳು ಅದನ್ನೇ ಹೇಳಿ ಆಡ್ಕೊಂಡ್ರು, "ಮರಿಗೆ 700 ರೂಪಾಯಿ ಬಿತ್ತು, ಕತ್ತಲೆ ಕೋಣೇಲಿ ಇಟ್ಟು ಪೂಜೆ ಮಾಡು" ಅಂತ.

ಆಮೇಲೆ ಗೊತ್ತಾಗಿದ್ದು ಅದ್ರ ಮೀಟರೇ ಸುಳ್ಳು ಅಂತ. ಮಗಳಿಗೆ ಜ್ವರ ಬಂದಾಗ ತಂದಿದ್ದ ಥರ್ಮಾಮೀಟರ್ ಇತ್ತಲ್ಲ, ಅದನ್ನ ಮೊಟ್ಟೆ ಪಕ್ಕ ಮಲಗಿಸಿ ನೋಡಿದ್ರೆ ಡಬ್ಬದ ಮೇಲೆ 37.7 ಸೆಲ್ಸಿಯಸ್ ಅಂತ ಬರೀತಿರುವಾಗ ಒಳಗೆ 98 ಫ್ಯಾರನ್‌ಹೀಟ್ ಕೂಡ ಇಲ್ಲ. ಹೆಚ್ಚು ಕಮ್ಮಿ ಒಂದು ಡಿಗ್ರಿ ಸೆಲ್ಸಿಯಸ್ ಕಮ್ಮಿ, ಮರಿ ಲೇಟಾಗಿ ಬಂದು ಸೊಟ್ಟ ಆಗಿದ್ದು ಅದಕ್ಕೇ. ಈಗಲೂ ನಾನು ಯಾವ ಡಿಸ್‌ಪ್ಲೇನೂ ನಂಬಲ್ಲ, ಜ್ವರದ ಥರ್ಮಾಮೀಟರ್ 99.5ರಿಂದ 100 ತೋರಿಸಿದ್ರೆ ಮಾತ್ರ ಮೊಟ್ಟೆ ಹಾಕೋದು. ಇದು ಫ್ಯಾನ್ ಇರೋ ಡಬ್ಬಕ್ಕೆ, ಫ್ಯಾನ್ ಇಲ್ದಿದ್ರೆ ಮೊಟ್ಟೆ ನೆತ್ತಿ ಹತ್ರ ಇನ್ನೂ ಎರಡು ಡಿಗ್ರಿ ಫ್ಯಾರನ್‌ಹೀಟ್ ಜಾಸ್ತಿ ಬೇಕು.

ಎರಡನೇದು ನಾವೇ ಮಾಡಿದ್ದು. ಮೀನು ಮಾರೋರ ಹತ್ರ ಥರ್ಮಕೋಲ್ ಬಾಕ್ಸು 100 ರೂಪಾಯಿ (ವಾಸನೆ ಹೋಗಕ್ಕೆ ಒಂದು ವಾರ ಬಿಸ್ಲಲ್ಲಿ ಇಟ್ಟಿದ್ದೆ, ಬೆಕ್ಕು ಬಂದು ಕೆರೆದು ಒಂದು ಮೂಲೆ ಹಾಳು ಮಾಡ್ತು), ಥರ್ಮೋಸ್ಟಾಟ್ 350, ಹಳೇ ಕಂಪ್ಯೂಟರ್‌ದು ಫ್ಯಾನು ಬಿಟ್ಟಿ, 40 ವ್ಯಾಟ್ ಬಲ್ಬು ಎರಡು, ಹೋಲ್ಡರ್, ವೈರು, ಅಡಾಪ್ಟರ್ ಎಲ್ಲ ಸೇರಿ ಸಾವಿರದ ನೂರು ಆಗಿರ್ಬೇಕು. ಎರಡು ಬಲ್ಬು ಯಾಕೆ ಅಂದ್ರೆ ಒಂದು ಸುಟ್ಟೋದ್ರೆ ಇನ್ನೊಂದು ಇರ್ಲಿ ಅಂತ, ಒಂದ್ಸಲ ರಾತ್ರಿ ಸುಟ್ಟೋಗಿ ಬುದ್ಧಿ ಬಂದಿದ್ದು. 48 ಮೊಟ್ಟೆ ಹಿಡಿಯುತ್ತೆ, ಒಂದು ಕಡೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ದಿನಕ್ಕೆ ಮೂರು ಸಲ ಕೈಯಲ್ಲೇ ತಿರುಗಿಸ್ತೀನಿ. ಹಾಲು ಕರೆಯೋ ಮುಂಚೆ, ಮಧ್ಯಾಹ್ನ ಊಟ ಆದ್ಮೇಲೆ, ರಾತ್ರಿ ಮಲಗೋ ಮುಂಚೆ. ಹದಿನೆಂಟನೇ ದಿನಕ್ಕೆ ತಿರುಗಿಸೋದು ಬಿಟ್ಬಿಡೋದು.

ಇದ್ರಲ್ಲಿ ಮೊದಲ ಸಲ 22 ಬಂತು, ಎರಡನೇ ಸಲ ಮಳೆಗಾಲ, 14ಕ್ಕೆ ಇಳೀತು. ಒಡೆದು ನೋಡಿದ್ರೆ ಪೂರ್ತಿ ಬೆಳೆದಿರೋ ಮರಿ, ಚಿಪ್ಪೊಳಗೆ ನೀರಲ್ಲಿ ಮುಳುಗಿದಂಗೆ ಸತ್ತಿವೆ. ನಾನು ಎಲ್ಲೋ ಕೇಳಿ ಮೊದಲ ದಿನದಿಂದ್ಲೇ ಎರಡು ದೊಡ್ಡ ಬಟ್ಟಲು ನೀರಿಡ್ತಿದ್ದೆ. ಅದೇ ಟೈಮಲ್ಲಿ ನಮ್ಮ ಕೆಂದ ಯಾಟೆ ಕಾಣೆಯಾಗಿತ್ತು, ಮುಂಗುಸಿ ಹೊತ್ಕೊಂಡೋಯ್ತು ಅಂತ ಲೆಕ್ಕಕ್ಕೆ ಬರ್ದಿದ್ದೆ. ಒಂದು ಬೆಳಿಗ್ಗೆ ಕೊಬ್ಬರಿ ಅಟ್ಟದಿಂದ ಚಿಯ್ ಚಿಯ್ ಅಂತ ಸದ್ದು! ಕೊಬ್ಬರಿಗೆ ಅಂತ ಹಾಕಿರೋ ಕಾಯಿ ಸಂದೀಲಿ ಕೂತು 12 ಮೊಟ್ಟೇಲಿ 11 ಮರಿ ಮಾಡಿದೆ. ಕೆಳಗೆ ಒಲೆ ಹೊಗೆ, ಮೇಲೆ ಹೆಂಚಿನ ಕಾವು, ಒಣಗಲು ಅಂದ್ರೆ ಒಣಗಲು ಆ ಜಾಗ. ನಮ್ಮತ್ತೆ ಏಣಿ ಕೆಳಗೆ ನಿಂತ್ಕೊಂಡು "ಅಟ್ಟದ ಮೇಲೆ ಯಾರಮ್ಮ ಬಟ್ಟಲಲ್ಲಿ ನೀರಿಟ್ಟಿದ್ರು" ಅಂದ್ರು. ಆ ಮಾತು ನನಗೆ ಸರಿಯಾಗಿ ತಾಕ್ತು. ಅವತ್ತಿಂದ ಮೊದಲ 18 ದಿನ ಒಂದೇ ಸಣ್ಣ ಮುಚ್ಚಳ ನೀರು, ಮಳೆಗಾಲದಲ್ಲಿ ಅದೂ ಇಲ್ಲ, ಕೊನೆ ಮೂರು ದಿನ ಮಾತ್ರ ಒದ್ದೆ ಬಟ್ಟೆ ಇಟ್ಟು ಗಾಳಿ ತೇವ ಶೇಕಡಾ ಎಪ್ಪತ್ತರ ಹತ್ರ ಏರಿಸ್ತೀನಿ. ಆ ಮೂರು ದಿನ ಮುಚ್ಚಳ ತೆಗೆಯಂಗಿಲ್ಲ, ಮಕ್ಕಳು ಎಷ್ಟು ಅತ್ರೂ ತೆಗೆಯಲ್ಲ. ನಾನೂ ಒಂದ್ಸಲ ಪಾಪ ಅಂತ ಚಿಪ್ಪು ಬಿಡಿಸಕ್ಕೆ ಹೋಗಿ ರಕ್ತ ಬಂದು ಮೂರು ಮರಿ ಕೊಂದಿದೀನಿ.

ಕರೆಂಟಿನ ವಿಷ್ಯ ಎಲ್ರೂ ಕೇಳ್ತಾರೆ. ಇನ್ವರ್ಟರ್ ಹಾಕ್ಸಿಲ್ಲ. ಹೋದ್ರೆ ಎರಡು ಲೀಟರ್ ಬಾಟ್ಲಿಗೆ ಹಂಡೆ ನೀರು ತುಂಬಿ ಒಳಗಿಟ್ಟು ಮೇಲೆ ಕಂಬಳಿ ಹೊದಿಸ್ತೀನಿ, ಎರಡು ಗಂಟೆಗೊಂದ್ಸಲ ಬದಲಾಯಿಸ್ತೀನಿ. ಒಂದು ರಾತ್ರಿ ಗಾಳಿಮಳೆಗೆ ಕಂಬ ಬಿದ್ದು ಒಂಬತ್ತು ಗಂಟೆ ಕರೆಂಟ್ ಇರ್ಲಿಲ್ಲ, ಆ ಸಲಾನೂ 31 ಬಂದಿದ್ವು. ಗುಡುಗಿಗೆ ಮೊಟ್ಟೆ ಕೆಡುತ್ತೆ ಅಂತ ನಮ್ಮತ್ತೆ ಡಬ್ಬದೊಳಗೆ ಕುಡ್ಲು ತುಂಡು, ಇದ್ದಲು ಇಟ್ಟಿದ್ರು, ಕ್ರೆಡಿಟ್ ಅದಕ್ಕೇ ಹೋಯ್ತು. ಇರ್ಲಿ ಬಿಡಿ.

ಈಗ ನಿಜವಾದ ತಲೆನೋವು. ಮರಿ ಬಂತು, ಸಾಕೋದ್ಹೆಂಗೆ? ರಟ್ಟಿನ ತಡಿಕೆ ಕಟ್ಟಿ, ಬತ್ತದ ಹೊಟ್ಟು ಹಾಸಿ, ಬಲ್ಬು ಇಳಿಬಿಟ್ಟು ಎಲ್ಲಾ ಮಾಡ್ದೆ. ಚಳಿ, ನಡುರಾತ್ರಿ ಕರೆಂಟ್ ಹೋಗಿದೆ, ನಾವೆಲ್ಲ ಮಲಗಿದೀವಿ, ಬೆಳಿಗ್ಗೆ ನೋಡಿದ್ರೆ ಮೂಲೇಲಿ ಒಂದರ ಮೇಲೊಂದು ಬಿದ್ದು 18 ಸತ್ತಿದ್ವು. ಅವತ್ತು ಹಾಲು ಕರೆಯಕ್ಕೂ ಮನಸ್ಸಿರ್ಲಿಲ್ಲ. ಉಳಿದವನ್ನ ಒಂದೂವರೆ ತಿಂಗಳಿಗೆ ಹೊರಗೆ ಬಿಟ್ರೆ ಅವಕ್ಕೆ ಹದ್ದು ಅಂದ್ರೇನು ಅಂತ್ಲೇ ಗೊತ್ತಿಲ್ಲ, ನೆರಳು ಬಂದ್ರೂ ಹಂಗೇ ನಿಂತ್ಕೊಂಡು ನೋಡ್ತವೆ. ಕೆದಕಕ್ಕೂ ಬರಲ್ಲ, ಫೀಡಿಗೆ ಕಾಯ್ತವೆ. ಅದೇ ಅಂಗಳದಲ್ಲಿ ಅಟ್ಟದ ಕೆಂದ ತನ್ನ 11 ಮರಿ ಕಟ್ಕೊಂಡು ಗೊಬ್ಬರದ ಗುಂಡಿ ಕೆದಕ್ತಾ, ಗಿಡುಗ ಕಂಡ್ರೆ ಕ್ರ್‌ರ್ ಅಂದು ಎಲ್ಲಾನೂ ಬೇಲಿ ಕೆಳಗೆ ನುಗ್ಗಿಸ್ತಾ ಇತ್ತು. ಆಗ ಅನ್ನಿಸಿದ್ದು, ಡಬ್ಬಕ್ಕೆ ಮರಿ ತೆಗೆಯೋ ಕೆಲ್ಸ ಮಾತ್ರ ಕೊಡೋಣ, ಮಿಕ್ಕಿದ್ದು ಇವಳಿಗೆ ಬಿಡೋಣ ಅಂತ.

ಮೊದಲನೇ ಪ್ರಯತ್ನ ಫೇಲು. ಬಿಳಿ ಯಾಟೆ ಕಾವಿಗೆ ಕೂತು ಆರೇ ದಿನ ಆಗಿತ್ತು, ನಾನು ಹಗಲೊತ್ತಲ್ಲೇ ಮರಿ ಬಿಟ್ಟೆ, ಮೂರನ್ನ ತಲೆ ಮೇಲೆ ಕುಕ್ಕಿ ಕೊಂದಾಕ್ತು. ನಮ್ಮತ್ತೆ ಏನೂ ಹೇಳ್ಲಿಲ್ಲ, ಹೇಳಿದ್ರೇ ಚೆನ್ನಾಗಿರ್ತಿತ್ತು. ಎರಡನೇ ಸಲ ಯಾಟೆ ಸರಿಯಾಗಿ 19 ದಿನ ಕೂತಿತ್ತು, ಆದ್ರೆ ಮರಿಗಳಿಗೆ ನಾಲ್ಕು ದಿನ ಆಗೋಗಿತ್ತು, ಅವು ಬಲ್ಬನ್ನೇ ತಾಯಿ ಅನ್ಕೊಂಡಿದ್ವೋ ಏನೋ ಯಾಟೆ ಕರೆದ್ರೂ ಹತ್ರ ಹೋಗಲ್ಲ, ಬಾಗ್ಲಿಗೆ ಬಂದು ನನ್ನ ನೋಡಿ ಕೂಗ್ತವೆ. ಮೂರನೇ ಸಲ ಸರಿ ಹೋಯ್ತು.

ಈಗ ಮಾಡೋದು ಹಿಂಗೆ. ಮೊಟ್ಟೆ ಮೊದಲು ಡಬ್ಬಕ್ಕೆ ಹಾಕಲ್ಲ, ಮೊದಲು ಯಾಟೆ ಕಾವಿಗೆ ಬರ್ಬೇಕು. ಗೂಡಲ್ಲಿ ಐದಾರು ಗುರುತು ಹಾಕಿದ ಮೊಟ್ಟೆ ತೆಗೀದೆ ಬಿಟ್ರೆ ಆಸೆಗೆ ಬೇಗ ಕೂರುತ್ತೆ. ಎರಡು ಯಾಟೆ ಗಟ್ಟಿಯಾಗಿ ಕೂತು, ಮೂರು ದಿನ ಕೈ ಹಾಕಿದ್ರೆ ಪುಕ್ಕ ಕೆದರಿ ಬೈದ್ರೆ, ಆಗ ಡಬ್ಬ ತುಂಬಿಸೋದು. ಅವಕ್ಕೆ ಕೆಳಗೆ ನಾಲ್ಕು ಕೆಟ್ಟ ಮೊಟ್ಟೆ, ಇಲ್ಲಾಂದ್ರೆ ಪ್ಲಾಸ್ಟಿಕ್‌ದು. ಮಂಕರೀಲಿ ಹುಲ್ಲಿನ ಕೆಳಗೆ ಲಕ್ಕಿ ಸೊಪ್ಪು, ಬೂದಿ ಹಾಕ್ತೀನಿ, ಇಲ್ಲಾಂದ್ರೆ ಹೇನು ಹತ್ತಿ ಎದ್ದೋಗುತ್ತೆ. ಏಳನೇ ದಿನ ಮೊಬೈಲ್ ಟಾರ್ಚಲ್ಲಿ ನೋಡಿ ಬಂಜೆ ಮೊಟ್ಟೆ ತೆಗೆದಾಗ ಎಷ್ಟು ಮರಿ ಬರ್ಬಹುದು ಅಂತ ಅಂದಾಜು ಸಿಗುತ್ತೆ, ಮೂರನೇ ಯಾಟೆ ಬೇಕೋ ಬೇಡ್ವೋ ಆಗ ತೀರ್ಮಾನ. ಮರಿ ಒಣಗಿ ಒಂದು ದಿನದೊಳಗೆ, ರಾತ್ರಿ ಒಂಬತ್ತೂವರೆ ಮೇಲೆ, ದೀಪ ಆರಿಸಿ, ಟಾರ್ಚಿಗೆ ಕೆಂಪು ಬಟ್ಟೆ ಕಟ್ಟಿ, ಹಿಂದ್ಗಡೆಯಿಂದ ನಾಲ್ಕು ಮರಿ ತಳ್ಳೋದು, ನಾಲ್ಕು ಮೊಟ್ಟೆ ತೆಗೆಯೋದು. ಕಾಲು ಗಂಟೆ ಬಿಟ್ಟು ಮತ್ತೆ ನಾಲ್ಕು. ಅದು ಒಳಗೊಳಗೇ ಕೊರ್ ಕೊರ್ ಅಂತ ಮಾತಾಡಿದ್ರೆ ಗೆದ್ದಂಗೆ. ಬೆಳಿಗ್ಗೆ ಐದೂವರೆಗೆ ಎದ್ದು ಅಲ್ಲೇ ಕೂತು ನೋಡ್ಬೇಕು, ಮೊದಲ ಒಂದು ಗಂಟೇಲಿ ಕುಕ್ಕದಿದ್ರೆ ಆಮೇಲೆ ಕುಕ್ಕಲ್ಲ. ಆ ರಾತ್ರಿ ನಾನು ಇನ್ನೊಂದು ಕೆಲ್ಸಾನೂ ಮಾಡ್ತೀನಿ, ಅದು ತವರುಮನೆ ಗುಟ್ಟು, ಬರೆಯಲ್ಲ, ಅದಿಲ್ದಿದ್ರೂ ಹತ್ತರಲ್ಲಿ ಏಳೆಂಟು ಯಾಟೆ ಒಪ್ತವೆ. ಬೇಸಿಗೇಲಿ ಒಂದಕ್ಕೆ 22 ತನಕ ಬಿಡ್ತೀನಿ, ಚಳೀಲಿ 15 ದಾಟಲ್ಲ, ರೆಕ್ಕೆ ಸಾಲಲ್ಲ.

ಮೊದಲ ಮೂರು ವಾರ ಹೊರಗೆ ಬಿಡಲ್ಲ, ಕೊಟ್ಟಿಗೆ ಪಕ್ಕ ಜಾಲರಿ ಹಾಕಿದ ಕೋಣೆ. ಆರನೇ ದಿನ ಕಣ್ಣಿಗೆ ಲಸೋಟ (ಕೊಕ್ಕರೆ ರೋಗದ ಲಸಿಕೆ) ಒಂದೊಂದು ಹನಿ. ಇದನ್ನ ಬಿಟ್ಟೋರು ಯಾರೂ ಕೋಳಿ ಮಾತಾಡ್ಬೇಡಿ. ನನಗೆ ಮೊದಲನೇ ವರ್ಷ ಕೊಕ್ಕರೆ ರೋಗ (ರಾಣಿಖೇತ್) ಬಂದು ಒಂದೇ ವಾರದಲ್ಲಿ ಅರವತ್ತರಲ್ಲಿ ಏಳು ಉಳಿದಿದ್ವು, ಕತ್ತು ತಿರುಚ್ಕೊಂಡು ಹಸಿರು ಹೇತ್ಕೊಂಡು, ಆಮೇಲೆ ಯಾವ ಬೆಳ್ಳುಳ್ಳಿ ಮೆಣಸು ಅರೆದು ಕುಡಿಸಿದ್ರೂ ನಿಲ್ಲಲ್ಲ. ಸೀಸೆ ಚಿಕ್ಕದು ಅಂದ್ರೂ ನೂರು ಡೋಸು, ಕಲಸಿದ ಮೇಲೆ ಎರಡು ಗಂಟೇಲಿ ಮುಗಿಸ್ಬೇಕು, ಹಂಗಾಗಿ ಬೀದಿಯೋರ ಮರಿಗೆಲ್ಲ ನಾನೇ ಹಾಕ್ತೀನಿ, ತಲೆಗೆ ಎರಡು ರೂಪಾಯಿ ತಗೋತೀನಿ. ಲಸಿಕೆ ಪೇಟೆಯಿಂದ ತರೋದು ಕಾಫಿ ಫ್ಲಾಸ್ಕಲ್ಲಿ ಐಸ್ ಹಾಕಿ. ಎರಡು ತಿಂಗಳಿಗೆ ರೆಕ್ಕೆ ಕೆಳಗೆ ಅದೇ ರೋಗಕ್ಕೆ ಆರ್‌ಟುಬಿ ಅನ್ನೋ ಲಸಿಕೆ ಸೂಜಿ.

ಮಧ್ಯೆ ಸುಮ್ನೆ ಕೆಲವು ಆಟ ಆಡಿದೀನಿ. ಚೂಪು ಮೊಟ್ಟೇಲಿ ಹುಂಜ, ಗುಂಡು ಮೊಟ್ಟೇಲಿ ಯಾಟೆ ಅಂತಾರಲ್ಲ, ನಲ್ವತ್ತು ಮೊಟ್ಟೆ ಬೇರೆ ಬೇರೆ ಇಟ್ಟು ಮರಿಗೆ ಕಾಲಿಗೆ ದಾರ ಕಟ್ಟಿ ನೋಡ್ದೆ, ಎರಡೂ ಕಡೆ ಅರ್ಧಂಬರ್ಧ, ಸುಳ್ಳು. ಹೆಬ್ಬಾಳದ ವೆಟರ್ನರಿ ಕಾಲೇಜಿನೋರು ತೆಗೆದ ಗಿರಿರಾಜ ತಳಿ ಇದೆಯಲ್ಲ, ಆ ಹುಂಜ ಒಂದನ್ನ ನಮ್ಮ ಯಾಟೆಗಳಿಗೆ ಬಿಟ್ಟೆ, ಮರಿ ದಪ್ಪ ಬಂದ್ವು, ತೂಕ ಭರ್ಜರಿ, ಆದ್ರೆ ಗಿರಾಕಿ ಕಾಲು ನೋಡಿ "ಇದು ನಾಟಿ ಅಲ್ಲ" ಅಂತ ಕೆಜಿಗೆ ನೂರು ಕಮ್ಮಿ ಕೇಳ್ತಾರೆ, ಆ ಮಿಶ್ರ ಯಾಟೆಗಳು ಕಾವಿಗೂ ಸರಿಯಾಗಿ ಕೂರಲ್ಲ. ನನಗೆ ಕಾವೇ ಬಂಡವಾಳ, ಹಂಗಾಗಿ ಬಿಟ್ಟೆ. ಈಗ ತಾಯಿಗೆ ಅಂತ ಉಳಿಸ್ಕೊಳ್ಳೋದು ಕೆಂದನ ಮಕ್ಕಳು ಮೊಮ್ಮಕ್ಕಳನ್ನೇ. ಹುಂಜ ಮಾತ್ರ ವರ್ಷಕ್ಕೊಂದ್ಸಲ ಪಕ್ಕದೂರಿನೋರ ಜೊತೆ ಬದಲಾಯಿಸ್ಕೋತೀನಿ, ಎಂಟು ಹತ್ತು ಯಾಟೆಗೆ ಒಂದು. ಮಡಕೇಲಿ ಸಗಣಿ ಹುಲ್ಲು ತುಂಬಿ ಹುತ್ತದ ಹತ್ರ ಬೋರಲು ಹಾಕಿ ಗೆದ್ದಲು ಹಿಡಿಯೋದು ಈಗ್ಲೂ ಮಾಡ್ತೀನಿ, ಮರಿಗಳು ಅದಕ್ಕೆ ಹುಚ್ಚೆದ್ದು ಬೀಳ್ತವೆ. ಅಜೋಲಾ (ನೀರ ಮೇಲೆ ಬೆಳೆಯೋ ಮೇವು) ತೊಟ್ಟಿ ಮಾಡಿದ್ದು ಹಸು ತಿನ್ಕೊಂಡ್ತು.

ದುಡ್ಡಿನ ಲೆಕ್ಕ. ಶ್ರಾವಣದಲ್ಲಿ ನಮ್ಮೂರಲ್ಲಿ ಅರ್ಧ ಜನ ಮೊಟ್ಟೆ ಮುಟ್ಟಲ್ಲ, ಹದಿನೈದಕ್ಕೆ ಹೋಗೋ ನಾಟಿ ಮೊಟ್ಟೆ ಎಂಟಕ್ಕೆ ಸಿಗುತ್ತೆ, ಆಗ ಡಬ್ಬಕ್ಕೆ ಕಮ್ಮಿ ಬಿದ್ದಷ್ಟನ್ನ ಬೀದೀಲೇ ಕೊಳ್ತೀನಿ. ಸಂತೇದು ಬೇಡ, ಎಷ್ಟು ದಿನದ್ದೋ, ಬೈಕಲ್ಲಿ ಕುಲುಕಿರುತ್ತೆ. ವಾರ ದಾಟಿದ ಮೊಟ್ಟೆ ನಾನು ಹಾಕಲ್ಲ. ಶ್ರಾವಣದಿಂದ ದಸರಾ ಒಳಗೆ ಮೂರು ಸಲ ಡಬ್ಬ ತುಂಬ್ತು, 144 ಮೊಟ್ಟೆಗೆ 115ರ ಹತ್ರ ಮರಿ, ಆರು ಯಾಟೆ ಸಾಕಿದ್ವು, ದೊಡ್ಡದಾಗಿದ್ದು 85 ಚಿಲ್ಲರೆ. ಶ್ರಾವಣದ ಮರಿ ಯುಗಾದಿಗೆ ಸರಿಯಾಗಿ ಒಂದೂವರೆ ಕೆಜಿ ಹುಂಜ ಆಗುತ್ತೆ, ದಸರಾದ್ದು ಸ್ವಲ್ಪ ಸಣ್ಣ. ಹೊಸತೊಡಕಿನ ಹಿಂದಿನ ದಿನ ಜೀವಂತ ಕೆಜಿ 450, ಸಂಜೆ ಹೊತ್ತಿಗೆ 500 ಕೂಡ ಕೊಟ್ಟು ಹೋದ್ರು. ಇಪ್ಪತ್ಮೂರು ಇಪ್ಪತ್ನಾಲ್ಕು ಸಾವಿರ ಹುಂಜದ್ದೇ ಬಂತು. ಸ್ಟಾರ್ಟರ್ ಫೀಡು ಮೊದಲ ಒಂದು ತಿಂಗಳಿಗೆ ಮಾತ್ರ, ಆಮೇಲೆ ರಾಗಿ, ನುಚ್ಚು, ಜೋಳ, ಲಸಿಕೆ ಔಷಧಿ ಎಲ್ಲ ಸೇರಿ ಒಂಬತ್ತು ಸಾವಿರ ಖರ್ಚು ಅನ್ಕೊಳ್ಳಿ. ಯಾಟೆಗಳನ್ನ ಇನ್ನೂ ಮಾರಿಲ್ಲ, ಮೊಟ್ಟೆಗೆ ಇಟ್ಟಿದೀನಿ.

ಡೈರಿ ಹತ್ರ ನಕ್ಕಿದ್ದೋರೇ ಈಗ ಮೂರು ಜನ ಕಾವಿಗೆ ಬಂದಿರೋ ಯಾಟೆ ಕೇಳ್ಕೊಂಡು ಬಂದಿದ್ರು. ಮರಿ ಬೇಕಾದ್ರೆ ಕೊಡ್ತೀನಿ, ತಿಂಗಳು ತುಂಬಿದ್ದು 120, ಕಾವಿನ ಯಾಟೆ ಕೊಡಲ್ಲ. ಮೊನ್ನೆ ನಮ್ಮತ್ತೆ ರಾತ್ರಿ ತಾವೇ ಟಾರ್ಚು ಹಿಡ್ಕೊಂಡಿದ್ರು, ಬೆಳಿಗ್ಗೆ ಎದ್ದು ನೋಡಿದ್ರೆ ಅದೇ ಬಿಳಿ ಯಾಟೆ, ಮೂರು ಮರಿ ಕೊಂದಿತ್ತಲ್ಲ, ಅದು ಹದಿನೇಳು ಮರಿ ಹೊದ್ಕೊಂಡು ಕೂತಿದೆ, ನಮ್ಮತ್ತೆ ಪಕ್ಕದ ಮನೆಯೋರಿಗೆ "ನಾನು ಅವಾಗ್ಲೇ ಹೇಳಿದ್ದೆ, ಒಪ್ತದೆ ಅಂತ" ಅಂತಿದ್ರು.