ಮಾರ್ಗದರ್ಶಿ ನಾಯಿಯೊಂದಿಗೆ ಬರುವ ಅತಿಥಿಗೆ ಮಲೆನಾಡಿನ ಹೋಂಸ್ಟೇ ಸಜ್ಜು ಮಾಡುವುದು

ಕಣ್ಣು ಕಾಣದವರಿಗೆ ಮಾರ್ಗದರ್ಶಿ ನಾಯಿಯೇ ಕಣ್ಣು. ಅದಕ್ಕೆ ಸಾಕುಪ್ರಾಣಿ ಶುಲ್ಕ ಹಾಕಬೇಡಿ. ತಂಗುಮನೆ ಕಾಯ್ದಿರಿಸುವ ಜಾಲತಾಣ ಏರ್‌ಬಿಎನ್‌ಬಿಯ ನಿಯಮವೂ ಒಪ್ಪುವುದಿಲ್ಲ. ನಾಯಿ ಯಾವ ಕೆಲಸಕ್ಕೆ ತರಬೇತಾಗಿದೆ ಎಂದು ಕೇಳಿ, ಅತಿಥಿಯ ಕಾಯಿಲೆಯ ವಿವರ ಕೆದಕಬೇಡಿ.

ಅತಿಥಿ ಗೇಟಿಗೆ ಬರುವ ಮೊದಲೇ ಮನೆನಾಯಿಯನ್ನು ಕಟ್ಟಿ. ಅದು ಮೈಮೇಲೆ ಎರಗಿದರೆ ತರಬೇತಾದ ನಾಯಿಯೂ ಬೆದರುತ್ತದೆ, ಮೆಟ್ಟಿಲಲ್ಲಿ ಬೀಳುವವರು ಅತಿಥಿ. ಹಾರ್ನೆಸ್ (ನಾಯಿಯ ಮೈಗೆ ಕಟ್ಟುವ ಹಿಡಿಕೆಯ ಪಟ್ಟಿ) ಹಾಕಿರುವಾಗ ಮುದ್ದಿಸುವುದು, ತಿಂಡಿ ಕೊಡುವುದು ಬೇಡ. ಮನೆಯ ಮಕ್ಕಳಿಗೂ ಹೇಳಿಡಿ.

ಅಂಗಳದಲ್ಲಿ ಹರವಿದ ಅಡಿಕೆಯ ಬಗ್ಗೆ ಎಚ್ಚರವಿರಲಿ. ಅದರಲ್ಲಿರುವ ಅರೆಕೋಲಿನ್ ನಾಯಿಗೆ ವಾಂತಿ, ಭೇದಿ ತರುತ್ತದೆ. ಓಡಾಡುವ ದಾರಿಯಲ್ಲಿ ಉದುರಿದ ಗೋಟನ್ನೂ (ಒಣಗಿದ ಹಣ್ಣಡಿಕೆ) ಗುಡಿಸಿ.

ಮಳೆಗಾಲದಲ್ಲಿ ಇಂಬಳದ (ಜಿಗಣೆಯ) ಕಾಟ. ಸುತ್ತಾಡಿ ಬಂದ ಕೂಡಲೇ, ಅತಿಥಿ ಒಪ್ಪಿದರೆ, ಜಗಲಿಯಲ್ಲೇ ನಾಯಿಯ ಬೆರಳ ಸಂದು, ಕಿವಿ, ಮೂಗಿನ ಹೊಳ್ಳೆ ನೋಡಿಕೊಡಿ. ಕಚ್ಚಿಕೊಂಡದ್ದನ್ನು ಎಳೆಯಬೇಡಿ, ಉಗುರನ್ನು ಚರ್ಮಕ್ಕೆ ಒತ್ತಿ ಅದರ ಬಾಯಡಿಯಿಂದ ಜಾರಿಸಿ. ಹೊಳ್ಳೆಯೊಳಗೆ ಹೋಗಿದ್ದರೆ ಪಶುವೈದ್ಯರೇ ತೆಗೆಯಬೇಕು.

ಡಿಸೆಂಬರಿನಿಂದ ಮೇವರೆಗೆ ಉಣುಗಿನ (ಉಣ್ಣಿಯ) ಕಾಟ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಮನುಷ್ಯರಿಗೆ ಹರಡುವುದು ಮುಖ್ಯವಾಗಿ ಉಣುಗಿನ ಕಡಿತದಿಂದ. ಹಾಗಾಗಿ ನಾಯಿಯ ಬಹಿರ್ದೆಸೆಗೆ ದರಗು (ಒಣ ಎಲೆ) ಬಿದ್ದ ಕಾಡಂಚು ಬೇಡ. ಗುಡಿಸಿದ ಅಂಗಳದ ಮೂಲೆ ಗೊತ್ತು ಮಾಡಿ. ಬಾಗಿಲಿನಿಂದ ಅಲ್ಲಿಗೆ ಎಷ್ಟು ಹೆಜ್ಜೆ, ಎಡಕ್ಕೋ ಬಲಕ್ಕೋ ಎಂದು ನೀವೇ ನಡೆದು ಎಣಿಸಿ ಹೇಳಿ.