ರೀಸನರ್ ಸುಮ್ಮನಿದ್ದರೆ ಡೇಟಾ ಸರಿ ಇದೆ ಅಂತಲ್ಲ

ಕಾಸರಗೋಡಿನ ಊರು, ಹೊಳೆ, ಕೋಟೆ, ಕವಿಗಳ ಮಾಹಿತಿಯನ್ನೆಲ್ಲ ಆರ್‌ಡಿಎಫ್‌ಗೆ (ಮಾಹಿತಿಯನ್ನು ಪುಟ್ಟ ಪುಟ್ಟ ಹೇಳಿಕೆಗಳಾಗಿ ಬರೆಯುವ ರೂಪ) ಇಳಿಸಿ, ಅಂಥ ಡೇಟಾ ತಿದ್ದುವ ತಂತ್ರಾಂಶ ಪ್ರೊಟೆಜೆಯಲ್ಲಿ ತೆರೆದು ಹರ್ಮಿಟ್ ರೀಸನರ್ (ಬರೆದ ಮಾತುಗಳ ಮೇಲೆ ತರ್ಕ ಮಾಡುವ ಪ್ರೋಗ್ರಾಂ) ಓಡಿಸಿದೆ. ಒಂದು ತಪ್ಪೂ ಬರಲಿಲ್ಲ. ಆಮೇಲೆ ನೋಡಿದರೆ, ಚಂದ್ರಗಿರಿ ಒಂದೇ ಐಡಿಯಲ್ಲಿ ಹೊಳೆಯೂ ಆಗಿತ್ತು, ಕೋಟೆಯೂ ಆಗಿತ್ತು! ಹೊಳೆ ಬೇರೆ, ದಡದ ಮೇಲಿನ ಕೋಟೆ ಬೇರೆ ಅಂತ ಇಲ್ಲಿನ ಮಕ್ಕಳಿಗೂ ಗೊತ್ತು. ರೀಸನರ್‌ಗೆ ಅದನ್ನು ನಾನು ಹೇಳಿರಲಿಲ್ಲ, ಅಷ್ಟೇ.

ಇದನ್ನು ಮೊದಲೇ ತಿಳಿದುಕೊಳ್ಳಿ. ನೀವು ಬರೆದದ್ದನ್ನೆಲ್ಲ ರೀಸನರ್ ನಿಜ ಅಂತಲೇ ನಂಬುತ್ತದೆ, ಅದರಿಂದ ಇನ್ನೇನು ಹೊರಡುತ್ತದೆ ಅಂತ ಹುಡುಕುತ್ತದೆ, ಎರಡು ಮಾತು ಒಟ್ಟಿಗೆ ನಿಲ್ಲೋದೇ ಇಲ್ಲ ಅಂತಾದಾಗ ಮಾತ್ರ ತಕರಾರು ಮಾಡುತ್ತದೆ. ಹಾಗಾಗಿ ಏನೇನು ಆಗಬಾರದು ಅಂತ ಬರೆದಿಡುವುದೇ ನಿಮ್ಮ ಮುಖ್ಯ ಕೆಲಸ.

ಪ್ರೊಟೆಜೆಯಲ್ಲಿ ಹೊಳೆ ಅನ್ನುವ ಕ್ಲಾಸ್ (ಅಂದರೆ ವರ್ಗ) ಆರಿಸಿ, 'ಡಿಸ್‌ಜಾಯಿಂಟ್ ವಿತ್' (ಒಂದೇ ವಸ್ತು ಎರಡು ಕ್ಲಾಸಿಗೂ ಸೇರಬಾರದು ಅನ್ನುವ ನಿಯಮ) ಪಕ್ಕದ ಪ್ಲಸ್ ಒತ್ತಿ ಕೋಟೆ, ಊರು, ವ್ಯಕ್ತಿ ಮೂರನ್ನೂ ಸೇರಿಸಿ. ಉಳಿದ ಕ್ಲಾಸ್‌ಗಳಿಗೂ ಹಾಗೇ ಮಾಡಿ. ಈಗ ರೀಸನರ್ ಮೆನುವಿನಲ್ಲಿ ಹರ್ಮಿಟ್ ಆರಿಸಿ ಸ್ಟಾರ್ಟ್ ಕೊಡಿ. ಆಂಟಾಲಜಿ (ಈ ಕ್ಲಾಸ್, ನಿಯಮ, ಮಾಹಿತಿಗಳ ಕಟ್ಟು) ಇನ್‌ಕನ್ಸಿಸ್ಟೆಂಟ್, ಅಂದರೆ ಅದರೊಳಗೇ ವಿರೋಧ ಇದೆ, ಅಂತ ಬರುತ್ತದೆ. ಎಕ್ಸ್‌ಪ್ಲೇನ್ ಒತ್ತಿದರೆ ನನಗೆ ಮೂರೇ ಸಾಲು ಕಂಡವು: ಚಂದ್ರಗಿರಿ ಹೊಳೆ, ಚಂದ್ರಗಿರಿ ಕೋಟೆ, ಹೊಳೆ ಮತ್ತು ಕೋಟೆ ಡಿಸ್‌ಜಾಯಿಂಟ್. ಎಷ್ಟು ಚೆಂದ ಅಲ್ವಾ! ಐಡಿ ಎರಡು ಮಾಡಿ. ಲೇಬಲ್ ಎರಡಕ್ಕೂ ಚಂದ್ರಗಿರಿ ಅಂತಲೇ ಇರಲಿ, ತೊಂದರೆಯಿಲ್ಲ.

ಒಂದು ಪ್ರಾಪರ್ಟಿ (ಗುಣ ಅಥವಾ ಸಂಬಂಧ) ಯಾವ ಕ್ಲಾಸಿಗೆ ಸೇರಿದ್ದು ಅನ್ನುವುದು ಡೊಮೈನ್, ಅದರ ಬೆಲೆ ಯಾವ ಕ್ಲಾಸಿನದು ಅನ್ನುವುದು ರೇಂಜ್; ಇವುಗಳ ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. 'ಹುಟ್ಟಿದ ಊರು' ಪ್ರಾಪರ್ಟಿಗೆ ರೇಂಜ್ ಊರು ಅಂತ ಕೊಟ್ಟು, ಅಲ್ಲಿ ತಪ್ಪಿ ಒಂದು ಹೊಳೆಯ ಹೆಸರು ಹಾಕಿದಿರಿ ಅನ್ನಿ. ರೀಸನರ್ ಅದನ್ನು ತಡೆಯುವುದಿಲ್ಲ, ಆ ಹೊಳೆಯನ್ನೂ ಊರು ಅಂತ ಸೇರಿಸಿಕೊಳ್ಳುತ್ತದೆ. ಡಿಸ್‌ಜಾಯಿಂಟ್ ಇದ್ದರೆ ಮಾತ್ರ ಸಿಕ್ಕಿಬೀಳುತ್ತದೆ.

'ಹುಟ್ಟಿದ ವರ್ಷ'ವನ್ನು ಫಂಕ್ಷನಲ್ ಮಾಡಿ, ಅಂದರೆ ಒಬ್ಬರಿಗೆ ಒಂದೇ ಬೆಲೆ ಇರಬಹುದು. ಕವಿ ಕಯ್ಯಾರ ಕಿಞ್ಞಣ್ಣ ರೈ ಹುಟ್ಟಿದ್ದು 1915ರಲ್ಲಿ. ಯಾರೋ ಇನ್ನೊಂದು ಕಡೆ 1951 ಅಂತ ಟೈಪ್ ಮಾಡಿದ್ದರೆ ತಕ್ಷಣ ಗೊತ್ತಾಗುತ್ತದೆ. ವರ್ಷವನ್ನು ಇಂಟಿಜರ್ (ಪೂರ್ಣಾಂಕ) ಆಗಿಯೇ ಇಡಿ, ಯಾಕೆಂದರೆ ಈ ನಿಯಮಗಳನ್ನು ಬರೆಯುವ ಭಾಷೆ ಓಡಬ್ಲ್ಯೂಎಲ್ 2ರ ಡೇಟಾಟೈಪ್ ಪಟ್ಟಿಯಲ್ಲಿ ಜಿಇಯರ್ (ಬರೀ ವರ್ಷಕ್ಕೆಂದೇ ಇರುವ ಡೇಟಾಟೈಪ್) ಇಲ್ಲ, ಹರ್ಮಿಟ್ ಅದನ್ನು ಕಂಡರೆ ಎರರ್ ಕೊಟ್ಟು ನಿಲ್ಲುತ್ತದೆ. 'ಹುಟ್ಟಿದ ಊರು' ಫಂಕ್ಷನಲ್ ಆದರೆ ಕಥೆಯೇ ಬೇರೆ. ಒಬ್ಬರಿಗೆ ಕುಂಬಳೆ, ಮಂಜೇಶ್ವರ ಎರಡೂ ಸೇರಿದ್ದರೆ, ಅವೆರಡೂ ಒಂದೇ ಊರಿನ ಎರಡು ಹೆಸರು ಅಂತ ರೀಸನರ್ ತೀರ್ಮಾನಿಸುತ್ತದೆ! ನಮ್ಮಲ್ಲಿ ಒಂದೇ ಹೊಳೆಗೆ ಸುಳ್ಯದ ಕಡೆ ಪಯಸ್ವಿನಿ, ಇಲ್ಲಿ ಚಂದ್ರಗಿರಿ ಅನ್ನುವುದಿಲ್ಲವೇ, ಹಾಗೆ. ಊರುಗಳು ಬೇರೆ ಬೇರೆ ಅಂತ 'ಡಿಫರೆಂಟ್ ಇಂಡಿವಿಜುವಲ್ಸ್'ನಲ್ಲಿ ಹೇಳಿಬಿಡಿ.

ಒಂದು ತಪ್ಪು ತಿದ್ದಿದ ಮೇಲೆ ಮತ್ತೆ ಓಡಿಸಿ. ವಿರೋಧ ಇರುವಷ್ಟು ಹೊತ್ತು ರೀಸನರ್‌ನಿಂದ ಬೇರೆ ಯಾವ ಉಪಯೋಗದ ಉತ್ತರವೂ ಸಿಗುವುದಿಲ್ಲ.

ಇನ್ನು ಕವಿಯೊಬ್ಬರಿಗೆ ಹುಟ್ಟಿದ ವರ್ಷವೇ ಹಾಕಿಲ್ಲ ಅಂದರೆ? ರೀಸನರ್ ತುಟಿ ಬಿಚ್ಚುವುದಿಲ್ಲ, ಬರೆದಿಲ್ಲ ಅಂದರೆ ಎಲ್ಲೋ ಇರಬಹುದು ಅನ್ನುವುದು ಅದರ ಲೆಕ್ಕ. ಅದಕ್ಕೆ ಶ್ಯಾಕಲ್ ಬೇಕು, ಆರ್‌ಡಿಎಫ್ ಡೇಟಾ ನಿಯಮದಂತೆ ಇದೆಯೇ ಅಂತ ಪರೀಕ್ಷಿಸುವ ಭಾಷೆ. 2017ರಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯೂ3ಸಿಯ ಶಿಫಾರಸಾಗಿ ಬಂದದ್ದು ಅದು. ವ್ಯಕ್ತಿಗೆ ಒಂದು ಶೇಪ್ (ಏನೇನು ಇರಬೇಕು ಅನ್ನುವ ನಿಯಮಗಳ ಗುಂಪು) ಬರೆದು, ವರ್ಷಕ್ಕೆ ಮಿನ್‌ಕೌಂಟ್ 1 (ಕನಿಷ್ಠ ಒಂದು ಇರಲೇಬೇಕು) ಕೊಟ್ಟರೆ ಬಿಟ್ಟುಹೋದ ಹೆಸರುಗಳೆಲ್ಲ ಸಾಲಾಗಿ ಬರುತ್ತವೆ.