ಸಿಗರೇಟು ಬಿಟ್ಟ ಮೊದಲ ದಿನಗಳು: ಸೇದಬೇಕು ಅನ್ನಿಸಿದಾಗ ಏನು ಮಾಡಬೇಕು?

ಬಿಟ್ಟಾಗಿದೆ. ಕೊನೆಯ ಸಿಗರೇಟು ಹೊಸಕಿ ಹಾಕಿ ನಾಲ್ಕೈದು ಗಂಟೆ ಆಗಿರಬಹುದು. ಕೈ ತನ್ನಷ್ಟಕ್ಕೆ ಜೇಬು ತಡಕುತ್ತಿದೆ, ಯಾರು ಮಾತಾಡಿಸಿದರೂ ಕಿರಿಕಿರಿ, ಓದಿದ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದೀರಿ. ಈ ಸ್ಥಿತಿಯಲ್ಲಿ ಇದ್ದೀರಿ ಅಂದರೆ ಇದು ನಿಮಗೇ ಬರೆದದ್ದು. ಸಿಗರೇಟು ಯಾಕೆ ಕೆಟ್ಟದ್ದು ಅಂತ ಇಲ್ಲಿ ಹೇಳುವುದಿಲ್ಲ. ಅದು ನಿಮಗೂ ಗೊತ್ತು, ಪ್ಯಾಕಿನ ಮೇಲೂ ಬರೆದಿರುತ್ತದೆ.

ನಾನು ಮೂರು ಸಲ ಬಿಟ್ಟು ಮೂರು ಸಲವೂ ಮತ್ತೆ ಹಚ್ಚಿದವನು. ನಾಲ್ಕನೇ ಸಲ ನಿಂತಿತು. ಮೊದಲ ಮೂರು ಸಲ ಮಾಡಿದ ತಪ್ಪು ಒಂದೇ: ಬಿಡುವುದು ಅಂದರೆ ದಿನವಿಡೀ ಹಲ್ಲು ಕಚ್ಚಿಕೊಂಡು ಕೂರುವುದು ಅಂದುಕೊಂಡಿದ್ದೆ. ಹಾಗೆ ಯಾರಿಗೂ ಕೂರಲು ಆಗುವುದಿಲ್ಲ, ಕೂರಬೇಕಾಗಿಯೂ ಇಲ್ಲ. ಸೇದಬೇಕೆನ್ನುವ ತುಡಿತ ದಿನವಿಡೀ ಒಂದೇ ಸಮ ಇರುವುದಿಲ್ಲ. ಬರುತ್ತದೆ, ಏರುತ್ತದೆ, ಇಳಿಯುತ್ತದೆ. ಒಂದು ಸಲ ಬಂದದ್ದು ಹೆಚ್ಚಿನವರಿಗೆ ಐದು ನಿಮಿಷ, ಜೋರಾಗಿದ್ದರೆ ಹತ್ತು ನಿಮಿಷ. ಸೇದಿದರೂ ಹೋಗುತ್ತದೆ, ಸೇದದಿದ್ದರೂ ಹೋಗುತ್ತದೆ. ಸೇದದೆ ಇದ್ದರೆ ಏನಾಗುತ್ತದೆ ಅಂತ ನಾವು ಯಾವತ್ತೂ ಕಾದು ನೋಡಿಲ್ಲ, ಅಷ್ಟೇ.

ಮೊದಲು ಒಳಗೆ ಏನು ನಡೆಯುತ್ತಿದೆ ಅಂತ ತಿಳಿದುಕೊಳ್ಳಿ

ಒಂದು ದಮ್ಮು ಎಳೆದರೆ 10ರಿಂದ 20 ಸೆಕೆಂಡಿನಲ್ಲಿ ನಿಕೋಟಿನ್ ಮೆದುಳು ಮುಟ್ಟುತ್ತದೆ. ಇಷ್ಟು ಬೇಗ ಮುಟ್ಟುವುದರಿಂದಲೇ ಚಟ ಇಷ್ಟು ಗಟ್ಟಿಯಾಗಿ ಅಂಟಿಕೊಳ್ಳುವುದು. ಆಮೇಲೆ ರಕ್ತದಲ್ಲಿ ಅದು ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತಾ ಹೋಗುತ್ತದೆ, ಇಳಿದಂತೆಲ್ಲಾ ಮೆದುಳು ಇನ್ನಷ್ಟು ಕೇಳುತ್ತದೆ. ರಾತ್ರಿಯಿಡೀ ಮಲಗಿ ಎದ್ದಾಗ ಬಹುಪಾಲು ಖಾಲಿ. ಬೆಳಗಿನ ಮೊದಲ ಸಿಗರೇಟು ಅಷ್ಟು ರುಚಿ ಅನ್ನಿಸುತ್ತಿದ್ದುದು ಅದಕ್ಕೇ. ಅಲ್ಲಿ ರುಚಿ ಏನೂ ಇರಲಿಲ್ಲ, ಹಸಿವು ತೀರುತ್ತಿತ್ತು.

ಬಿಟ್ಟ ಎರಡು ಮೂರು ದಿನದಲ್ಲಿ ನಿಕೋಟಿನ್ ಬಹುತೇಕ ಮೈಬಿಟ್ಟು ಹೋಗಿರುತ್ತದೆ. ಆ ಎರಡು ಮೂರು ದಿನವೇ ಎಲ್ಲಕ್ಕಿಂತ ಕಷ್ಟ. ಸಿಟ್ಟು, ಚಡಪಡಿಕೆ, ನಿದ್ದೆಗೇಡು, ಏನೋ ಕಳೆದುಕೊಂಡಂಥ ಬೇಜಾರು, ಎಲ್ಲ ಒಟ್ಟಿಗೇ ಬರುತ್ತವೆ. ಮೊದಲ ವಾರ ದಾಟಿದರೆ ಸಡಿಲವಾಗುತ್ತಾ ಬರುತ್ತದೆ, ಹೆಚ್ಚಿನವರಿಗೆ ಎರಡರಿಂದ ನಾಲ್ಕು ವಾರದಲ್ಲಿ ದೇಹದ ಗಲಾಟೆ ಮುಗಿಯುತ್ತದೆ. ಆಮೇಲೆ ಉಳಿಯುವುದು ಅಭ್ಯಾಸ. ಅದೇನೂ ಸಣ್ಣದಲ್ಲ. ದಿನಕ್ಕೆ 20 ಸಿಗರೇಟು, ಒಂದಕ್ಕೆ ಹತ್ತು ದಮ್ಮು ಅಂತ ಹಿಡಿದರೂ ಕೈ ಬಾಯಿಗೆ ಹೋಗುವುದು ದಿನಕ್ಕೆ 200 ಸಲ, ವರ್ಷಕ್ಕೆ 73,000 ಸಲ. ಇಷ್ಟು ಸಲ ಮಾಡಿದ ಬೇರೆ ಯಾವ ಕೆಲಸವಿದೆ ಹೇಳಿ? ಕೈ ಸುಮ್ನೆ ಕೂರದಿದ್ದರೆ ಅದರ ತಪ್ಪಲ್ಲ.

ಆ ಐದು ನಿಮಿಷ

ತುಡಿತ ಬಂದ ತಕ್ಷಣ ಗಡಿಯಾರ ನೋಡಿ. ತಮಾಷೆಯಲ್ಲ, ನಿಜವಾಗಿ ನೋಡಿ, ಸಮಯ ಬರೆದಿಟ್ಟುಕೊಳ್ಳಿ. ಶುರುವಾದದ್ದು ಎಷ್ಟಕ್ಕೆ, ಇಳಿದದ್ದು ಎಷ್ಟಕ್ಕೆ. ಮೊದಲ ದಿನವೇ ನಿಮ್ಮ ಕೈಬರಹದಲ್ಲೇ ಸಾಕ್ಷಿ ಸಿಗುತ್ತದೆ, ಯಾವುದೂ ಗಂಟೆಗಟ್ಟಲೆ ನಿಂತಿಲ್ಲ ಅಂತ. ನಾನು ಒಂದು ಚೀಟಿಯಲ್ಲಿ ಗೆರೆ ಎಳೆಯುತ್ತಿದ್ದೆ. ಮೊದಲ ದಿನ 20ಕ್ಕಿಂತ ಜಾಸ್ತಿ ಗೆರೆ, ಎರಡನೇ ವಾರದ ಕೊನೆಗೆ ನಾಲ್ಕೈದು. ಸೇದಬೇಕೆನ್ನುವ ಆಸೆ ಇನ್ನೂ ಇತ್ತು, ಆದರೆ ಗೆರೆ ಕಮ್ಮಿಯಾಗುವುದು ಕಣ್ಣಿಗೆ ಕಾಣುತ್ತಿತ್ತು.

ಎರಡನೆಯದು, ಕೂತ ಜಾಗ ಬಿಟ್ಟೇಳಿ. ಕೂತಲ್ಲೇ ಕೂತು ಆಸೆಯ ಜೊತೆ ವಾದ ಮಾಡಬೇಡಿ, ವಾದದಲ್ಲಿ ಅದೇ ಗೆಲ್ಲುತ್ತದೆ, ಅದಕ್ಕೆ ಅನುಭವ ಜಾಸ್ತಿ. ಬಿರುಸಾಗಿ ನಾಲ್ಕು ಹೆಜ್ಜೆ ಹಾಕಿ, ಮೆಟ್ಟಿಲು ಹತ್ತಿ ಇಳಿಯಿರಿ. ಸ್ವಲ್ಪ ಹೊತ್ತಿನ ಚುರುಕು ನಡಿಗೆಯೂ ಆ ಹೊತ್ತಿನ ತುಡಿತವನ್ನು ತಗ್ಗಿಸುತ್ತದೆ ಅಂತ ಪರೀಕ್ಷಿಸಿ ನೋಡಿದ್ದಾರೆ, ನನಗೂ ಅದು ನಿಜ ಅನ್ನಿಸಿದೆ.

ಇನ್ನು ಉಸಿರು. ಇದು ಯಾರಿಗೂ ಹೊಳೆಯದ ಸಂಗತಿ. ಸಿಗರೇಟು ಸೇದುವಾಗ ನಾವು ಏನು ಮಾಡುತ್ತಿದ್ದೆವು? ಕೆಲಸ ಬಿಟ್ಟು ಹೊರಗೆ ಬಂದು, ಐದು ನಿಮಿಷ ಒಬ್ಬರೇ ನಿಂತು, ಉದ್ದಕ್ಕೆ ಉಸಿರು ಎಳೆದು ನಿಧಾನಕ್ಕೆ ಬಿಡುತ್ತಿದ್ದೆವು. ಹಾಯೆನಿಸುತ್ತಿದ್ದುದರಲ್ಲಿ ಒಂದು ಪಾಲು ಆ ಉಸಿರಿನದ್ದು, ಆ ಬಿಡುವಿನದ್ದು. ಅದನ್ನು ಬಿಡಬೇಕಾಗಿಲ್ಲ. ಹೊರಗೆ ಹೋಗಿ, ನಾಲ್ಕು ಎಣಿಸುವಷ್ಟು ಎಳೆಯಿರಿ, ಆರು ಎಣಿಸುವಷ್ಟು ಬಿಡಿ, ಹತ್ತು ಸಲ. ಕಿಸೆ ಮಾತ್ರ ಖಾಲಿ ಇರಲಿ.

ಬಾಯಿಗೆ ತಣ್ಣನೆ ನೀರು, ಗುಟುಕು ಗುಟುಕಾಗಿ. ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಆದರೂ ಆಗುತ್ತದೆ. ಊಟವಾದ ತಕ್ಷಣ ಸೇದುವವರಾಗಿದ್ದರೆ ಏಳುತ್ತಲೇ ಹಲ್ಲುಜ್ಜಿಬಿಡಿ. ಕೈಗೆ ನಾನು ಕಂಡುಕೊಂಡ ಉಪಾಯ ಪಾತ್ರೆ ತೊಳೆಯುವುದು. ಒದ್ದೆ ಕೈಯಲ್ಲಿ ಸಿಗರೇಟು ಹಿಡಿಯಲು ಆಗುವುದಿಲ್ಲ ನೋಡಿ. ಆ ತಿಂಗಳು ನಮ್ಮ ಮನೆಯಲ್ಲಿ ಒಂದು ಲೋಟವೂ ಸಿಂಕಿನಲ್ಲಿ ಉಳಿಯುತ್ತಿರಲಿಲ್ಲ.

ಮನೆಯಲ್ಲಿ ಒಂದೂ ಇರಬಾರದು

"ಆಪತ್ಕಾಲಕ್ಕೆ ಒಂದು ಇರಲಿ" ಅಂತ ಎಲ್ಲೋ ಬಚ್ಚಿಟ್ಟಿದ್ದೀರಾ? ಈಗಲೇ ಎದ್ದು ಹೋಗಿ ಅದನ್ನು ನೀರಲ್ಲಿ ನೆನೆಸಿ ಎಸೆಯಿರಿ. ಸುಮ್ನೆ ಕಸದ ಬುಟ್ಟಿಗೆ ಹಾಕಿದರೆ ರಾತ್ರಿ ಹನ್ನೊಂದಕ್ಕೆ ಅದೇ ಬುಟ್ಟಿ ಕೆದಕುತ್ತೀರಿ, ನಾನು ಕೆದಕಿದ್ದೇನೆ. ಲೆಕ್ಕ ಸರಳ: ತುಡಿತದ ಆಯುಸ್ಸು ಹತ್ತು ನಿಮಿಷ. ಸಿಗರೇಟು ಇಪ್ಪತ್ತು ನಿಮಿಷದ ದೂರದಲ್ಲಿದ್ದರೆ ನೀವು ಅಲ್ಲಿಗೆ ಮುಟ್ಟುವಷ್ಟರಲ್ಲಿ ಅದು ಇಳಿದಿರುತ್ತದೆ. ಕೈಗೆಟಕುವಂತಿದ್ದರೆ ಸೋಲು. ಲೈಟರ್, ಬೆಂಕಿಪೊಟ್ಟಣ, ಆಶ್‌ಟ್ರೇ, ಹಳೇ ಕೋಟಿನ ಜೇಬು, ಗಾಡಿಯ ಡಿಕ್ಕಿ, ಆಫೀಸಿನ ಡ್ರಾಯರ್, ಎಲ್ಲ ನೋಡಿ.

ಜೊತೆಗೆ ಸೇದುತ್ತಿದ್ದ ಗೆಳೆಯರಿಗೆ ನೇರವಾಗಿ ಹೇಳಿ. "ಬಿಡೋಕೆ ಟ್ರೈ ಮಾಡ್ತಾ ಇದ್ದೀನಿ" ಅಂದರೆ "ಒಂದು ಎಳಿ, ನಾಳೆಯಿಂದ ಬಿಡು" ಅನ್ನುತ್ತಾರೆ. "ನಾನು ಸೇದಲ್ಲ" ಅಂದರೆ ಚೌಕಾಸಿಗೆ ಜಾಗವೇ ಇರುವುದಿಲ್ಲ. ಇನ್ನು ಮದ್ಯ ಕುಡಿಯುವವರಾಗಿದ್ದರೆ ಮೊದಲ ಕೆಲವು ವಾರ ಅದನ್ನೂ ದೂರ ಇಡಿ. ಎರಡು ಗ್ಲಾಸ್ ಒಳಗೆ ಹೋದ ಮೇಲೆ ಯಾವ ನಿರ್ಧಾರವೂ ನೆನಪಿರುವುದಿಲ್ಲ. ನನ್ನ ಎರಡನೇ ಪ್ರಯತ್ನ ಮುಗಿದದ್ದು ಹೀಗೇ, ಹದಿನೇಳನೇ ದಿನ.

ಕಾಫಿ ಕುಡಿಯುವವರು ಇದನ್ನು ಓದಲೇಬೇಕು

ಬಿಟ್ಟ ಮೇಲೆ ಕೈ ನಡುಕ, ಎದೆ ಡವಡವ, ನಿದ್ದೆ ಇಲ್ಲ ಅಂತ ಬಹಳ ಜನ ಹೇಳುತ್ತಾರೆ. ಅದರಲ್ಲಿ ಸ್ವಲ್ಪ ಕಾಫಿಯ ಕೆಲಸವೂ ಇರಬಹುದು. ಸಿಗರೇಟಿನ ಹೊಗೆಯಲ್ಲಿರುವ ಕೆಲವು ವಸ್ತುಗಳಿಂದ ನಮ್ಮ ಲಿವರ್ ಕೆಫೀನನ್ನು ಬೇಗ ಬೇಗ ಕರಗಿಸುತ್ತಿರುತ್ತದೆ. ಇದು ಹೊಗೆಯ ಪ್ರಭಾವ, ನಿಕೋಟಿನ್‌ದಲ್ಲ. ಸಿಗರೇಟು ನಿಲ್ಲಿಸಿದ ಕೆಲವೇ ದಿನದಲ್ಲಿ ಲಿವರ್ ಆ ವೇಗ ತಗ್ಗಿಸುತ್ತದೆ. ಆಗ ಮಾಮೂಲಿನಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಹೆಚ್ಚುಕಮ್ಮಿ ಎರಡರಷ್ಟಾಗಬಹುದು. ನಾವು ಅದನ್ನು ಸಿಗರೇಟು ಬಿಟ್ಟ ಸಂಕಟ ಅಂದುಕೊಂಡು, ಸಮಾಧಾನಕ್ಕೆ ಇನ್ನೊಂದು ಕಪ್ ಕುಡಿಯುತ್ತೇವೆ! ಕಾಫಿ, ಟೀ ಎರಡನ್ನೂ ಮೊದಲ ವಾರಗಳಲ್ಲಿ ಅರ್ಧಕ್ಕೆ ಇಳಿಸಿ, ಮಧ್ಯಾಹ್ನದ ಮೇಲೆ ಬೇಡ. ಕಪ್ ಹಿಡಿದ ತಕ್ಷಣ ಸಿಗರೇಟು ನೆನಪಾಗುವವರು ಕುಡಿಯುವ ಜಾಗವನ್ನೂ ಬದಲಿಸಿ.

ಇದೇ ಕಾರಣಕ್ಕೆ ಕೆಲವು ಔಷಧಿಗಳ ಪ್ರಮಾಣವೂ ಬದಲಾಗಬೇಕಾಗುತ್ತದೆ. ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್, ಒಲಾಂಜಪಿನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ತೆಗೆದುಕೊಳ್ಳುತ್ತಿದ್ದರೆ ಸಿಗರೇಟು ಬಿಡುವ ಮೊದಲೇ ಡಾಕ್ಟರಿಗೆ ತಿಳಿಸಬೇಕು, ತಿಳಿಸದೆ ಬಿಟ್ಟಿದ್ದರೆ ಈಗಲೇ ತಿಳಿಸಿ. ಸಕ್ಕರೆ ಕಾಯಿಲೆ ಇದ್ದವರು ಸಕ್ಕರೆ ಮಟ್ಟದ ಮೇಲೆ ಒಂದು ಕಣ್ಣಿಡಿ.

ಗಮ್, ಪ್ಯಾಚ್: ನಾಚಿಕೆ ಬೇಡ

ಇಲ್ಲಿ ಗಮ್ ಅಂದರೆ ನಿಕೋಟಿನ್ ಇರುವ ಚೂಯಿಂಗ್ ಗಮ್, ಪ್ಯಾಚ್ ಅಂದರೆ ಚರ್ಮಕ್ಕೆ ಅಂಟಿಸಿಕೊಳ್ಳುವ ನಿಕೋಟಿನ್ ಪಟ್ಟಿ. "ಅದೂ ನಿಕೋಟಿನೇ ಅಲ್ವಾ, ಮತ್ತೇನು ಬಿಟ್ಟ ಹಾಗಾಯ್ತು?" ಅಂತ ನಾನೂ ಕೇಳುತ್ತಿದ್ದೆ, ಆ ಜಂಬದಲ್ಲೇ ಒಂದು ಪ್ರಯತ್ನ ಹಾಳು ಮಾಡಿಕೊಂಡೆ. ಚಟ ಹಿಡಿಸುವುದು ನಿಕೋಟಿನ್ ನಿಜ, ಆದರೆ ಕ್ಯಾನ್ಸರ್ ತರುವುದು ಮುಖ್ಯವಾಗಿ ಹೊಗೆಯಲ್ಲಿರುವ ಬೇರೆ ವಿಷಗಳು. ಪ್ಯಾಚ್ ಮತ್ತು ಗಮ್ ನಿಕೋಟಿನನ್ನು ನಿಧಾನಕ್ಕೆ, ಕಮ್ಮಿ ಪ್ರಮಾಣದಲ್ಲಿ ಕೊಡುತ್ತವೆ. ಆಮೇಲೆ ಅದನ್ನೂ ಇಳಿಸುತ್ತಾ ಬಂದು ನಿಲ್ಲಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ತಂಬಾಕು ಬಿಡುವ ವಯಸ್ಕರ ಚಿಕಿತ್ಸೆಗೆ ಮಾರ್ಗಸೂಚಿ ತಂದಾಗ, ಇವನ್ನೂ ವರೆನಿಕ್ಲಿನ್, ಬುಪ್ರೊಪಿಯಾನ್, ಸೈಟಿಸಿನ್ ಮಾತ್ರೆಗಳನ್ನೂ ಶಿಫಾರಸು ಮಾಡಿತು, ಜೊತೆಗೆ ಸಲಹೆ, ಬೆಂಬಲವೂ ಇರಬೇಕು ಅಂದಿತು.

ಗಮ್ ಬಳಸುವವರು ಹೆಚ್ಚಾಗಿ ತಪ್ಪು ಮಾಡುತ್ತಾರೆ, ಮಾಮೂಲಿ ಚೂಯಿಂಗ್ ಗಮ್ ಥರ ಜಗಿದುಬಿಡುತ್ತಾರೆ. ಆಮೇಲೆ ಬಿಕ್ಕಳಿಕೆ, ಎದೆಯುರಿ, "ನನಗೆ ಇದು ಆಗಲ್ಲ" ಅಂತ ಎಸೆಯುತ್ತಾರೆ. ನಿಧಾನಕ್ಕೆ ಜಗಿಯಿರಿ. ಖಾರ ಖಾರ ಅಥವಾ ಜುಮ್ ಅನ್ನಿಸಿದ ತಕ್ಷಣ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಿ. ಜುಮ್ ಅನ್ನುವುದು ಹೋದ ಮೇಲೆ ಮತ್ತೆ ಜಗಿಯಿರಿ, ಮತ್ತೆ ಇಟ್ಟುಕೊಳ್ಳಿ. ಹೀಗೆ ಅರ್ಧ ಗಂಟೆ. ನಿಕೋಟಿನ್ ಹೀರಿಕೊಳ್ಳಬೇಕಾದದ್ದು ಬಾಯಿಯ ಒಳಚರ್ಮ, ಹೊಟ್ಟೆಯಲ್ಲ. ಗಮ್ ಹಾಕಿಕೊಳ್ಳುವ 15 ನಿಮಿಷ ಮೊದಲಿಂದ ಏನೂ ತಿನ್ನಬೇಡಿ, ನೀರು ಬಿಟ್ಟು ಏನೂ ಕುಡಿಯಬೇಡಿ. ಕಾಫಿ, ಹಣ್ಣಿನ ರಸದ ಹುಳಿ ಇದ್ದರೆ ನಿಕೋಟಿನ್ ಸರಿಯಾಗಿ ಒಳಗೆ ಹೋಗುವುದಿಲ್ಲ. 2 ಮಿಲಿಗ್ರಾಂ, 4 ಮಿಲಿಗ್ರಾಂ ಅಂತ ಎರಡು ಬಗೆ ಇದೆ. ಎದ್ದ ಅರ್ಧ ಗಂಟೆಯೊಳಗೆ ಸೇದುತ್ತಿದ್ದವರಿಗೆ ಸಾಮಾನ್ಯವಾಗಿ 4.

ಪ್ಯಾಚ್ ದಿನವಿಡೀ ತಳಮಟ್ಟದ ಚಡಪಡಿಕೆಯನ್ನು ಹಿಡಿದಿಡುತ್ತದೆ, ತಟ್ಟನೆ ಏರುವ ತುಡಿತಕ್ಕೆ ಗಮ್ ಬೇಕು. ಒಂದನ್ನೇ ಬಳಸುವುದಕ್ಕಿಂತ ಎರಡೂ ಸೇರಿದರೆ ಫಲ ಜಾಸ್ತಿ. ಪ್ಯಾಚ್ ಅಂಟಿಸುವ ಜಾಗ ದಿನಾ ಬದಲಿಸಿ. ರಾತ್ರಿ ವಿಚಿತ್ರ ಕನಸು ಬೀಳುತ್ತಿದ್ದರೆ ಮಲಗುವಾಗ ತೆಗೆದಿಡಬಹುದು. ಮಾತ್ರೆಗಳು ಮಾತ್ರ ಡಾಕ್ಟರ ಸಲಹೆಯಿಂದಲೇ. ವರೆನಿಕ್ಲಿನ್ ಸಾಮಾನ್ಯವಾಗಿ ಬಿಡುವ ದಿನಕ್ಕೆ ಒಂದು ವಾರ ಮೊದಲೇ ಶುರುಮಾಡುವಂಥದ್ದು, ಫಿಟ್ಸ್ ಇರುವವರಿಗೆ ಬುಪ್ರೊಪಿಯಾನ್ ಆಗುವುದಿಲ್ಲ. ಬಸುರಿಯರು, ಹೃದಯದ ತೊಂದರೆ ಇದ್ದವರು ಗಮ್, ಪ್ಯಾಚ್‌ಗೂ ಕೇಳಿಯೇ ಮುಂದುವರಿಯಿರಿ.

ಹೆದರಬೇಡಿ, ಇವೆಲ್ಲ ಆಗುತ್ತವೆ

ಕೆಮ್ಮು ಕಮ್ಮಿಯಾಗುವ ಬದಲು ಜಾಸ್ತಿಯಾಗಬಹುದು. ಉಸಿರುನಾಳದ ಒಳಗಿರುವ ಸಣ್ಣ ಸಣ್ಣ ರೋಮಗಳು ಮತ್ತೆ ಕೆಲಸ ಶುರುಮಾಡಿ ಕಫ ಮೇಲೆ ತಳ್ಳುತ್ತಿರುತ್ತವೆ. ಮಲಬದ್ಧತೆ, ಬಾಯಿಹುಣ್ಣು, ವಿಪರೀತ ಹಸಿವು ಕೂಡ ಮಾಮೂಲು. ತೂಕ ಸ್ವಲ್ಪ ಏರುತ್ತದೆ, ಅದನ್ನು ಆಮೇಲೆ ನೋಡಿಕೊಳ್ಳೋಣ, ಒಂದೇ ಸಲ ಎರಡು ಯುದ್ಧ ಬೇಡ. ಆದರೆ ಮನಸ್ಸು ತೀರಾ ಕುಗ್ಗಿ ವಾರಗಟ್ಟಲೆ ಏಳದಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಅದನ್ನು ಚಟದ ಲೆಕ್ಕಕ್ಕೆ ಹಾಕಿ ಕೂರಬೇಡಿ, ತಡಮಾಡದೆ ಡಾಕ್ಟರನ್ನು ಕಾಣಿ.

ಒಂದೇ ಒಂದು

ನಾಲ್ಕೈದನೇ ದಿನದ ಹೊತ್ತಿಗೆ ತಲೆಯೊಳಗೆ ಒಬ್ಬ ವಕೀಲ ಹುಟ್ಟಿಕೊಳ್ಳುತ್ತಾನೆ. "ಇಷ್ಟು ದಿನ ಬಿಟ್ಟಿದ್ದೀಯಲ್ಲ, ನಿನ್ನ ಹಿಡಿತ ಸಾಬೀತಾಯ್ತು, ಈಗ ಒಂದು ಸೇದಿದರೆ ಏನಾಗುತ್ತೆ?" ಎಷ್ಟು ಚೆನ್ನಾಗಿ ವಾದಿಸುತ್ತಾನೆ ಅಂದರೆ, ಸೇದದೆ ಇರುವವನೇ ಮೂರ್ಖ ಅನ್ನಿಸಿಬಿಡುತ್ತದೆ. ಅವನ ಇನ್ನೊಂದು ವಾದ ಟೆನ್ಷನ್. ಸೇದಿದರೆ ಟೆನ್ಷನ್ ಇಳಿಯುತ್ತದೆ ಅನ್ನುವುದು ಅರ್ಧ ಸತ್ಯ. ಹೋದ ಸಿಗರೇಟಿನ ನಿಕೋಟಿನ್ ಇಳಿದದ್ದರಿಂದ ಹುಟ್ಟಿದ ಚಡಪಡಿಕೆಯನ್ನು ಈ ಸಿಗರೇಟು ತಣಿಸುತ್ತದೆ, ಅಷ್ಟೇ. ಬೈಸಿಕೊಂಡ ಮಾತು, ಕಟ್ಟಬೇಕಾದ ಸಾಲ ಎರಡೂ ಇದ್ದಲ್ಲೇ ಇರುತ್ತವೆ. ನಾನು ಅವನಿಗೆ ಕೊಡುತ್ತಿದ್ದ ಉತ್ತರ "ಹತ್ತು ನಿಮಿಷ ಬಿಟ್ಟು ಬಾ" ಅಂತ. ಬೇಡ ಅಂದರೆ ಜಗಳಕ್ಕೆ ನಿಲ್ಲುತ್ತಾನೆ, ಆಮೇಲೆ ಅಂದರೆ ಸುಮ್ಮನಾಗುತ್ತಾನೆ.

ಅಷ್ಟಾದರೂ ಒಂದು ಸೇದಿಬಿಟ್ಟಿರಿ ಅಂತ ಇಟ್ಟುಕೊಳ್ಳಿ. ಉಳಿದದ್ದನ್ನು ಆ ನಿಮಿಷವೇ ನೆನೆಸಿ ಎಸೆಯಿರಿ. "ಹೇಗೂ ಹಾಳಾಯ್ತು, ಸೋಮವಾರದಿಂದ ಮತ್ತೆ ನೋಡೋಣ" ಅನ್ನುವ ಮಾತಿನಿಂದ ಹಾಳಾಗುವಷ್ಟು ಆ ಒಂದು ಸಿಗರೇಟಿನಿಂದ ಹಾಳಾಗುವುದಿಲ್ಲ. ಪ್ಯಾಚ್ ಹಾಕಿದ್ದರೆ ಕಿತ್ತು ಬಿಸಾಡಬೇಡಿ, ಮುಂದುವರಿಸಿ. ಎಲ್ಲಿದ್ದಿರಿ, ಯಾರ ಜೊತೆ, ಏನಾಗಿತ್ತು, ಹೊಟ್ಟೆ ಹಸಿದಿತ್ತಾ, ನಿದ್ದೆ ಕೆಟ್ಟಿತ್ತಾ ಅಂತ ಎರಡು ಸಾಲು ಬರೆಯಿರಿ. ಮುಂದಿನ ಸಲ ಅದೇ ಜಾಗಕ್ಕೆ ಹೋಗುವ ಮುನ್ನ ಆ ಚೀಟಿ ಓದಿ.

ಇನ್ನೊಂದು ವಿಷಯ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಎಲ್ಲ ಮುಗಿಯಿತು ಅಂದುಕೊಂಡ ಮೇಲೆ, ತಿಂಗಳುಗಳು ಕಳೆದ ಮೇಲೆ, ಏನೂ ಕಾರಣವಿಲ್ಲದೆ ಮೊದಲ ದಿನದಷ್ಟೇ ಜೋರಾದ ತುಡಿತ ಒಮ್ಮೆ ಬರಬಹುದು. ನನಗೆ ಬಂದದ್ದು ಮೂರನೇ ತಿಂಗಳು, ಮಳೆ ಬರುತ್ತಿದ್ದ ಒಂದು ಸಂಜೆ. ಕೊಡೆ ತೆಗೆದುಕೊಂಡು ಬಾಗಿಲವರೆಗೂ ಹೋಗಿದ್ದೆ. ಆಮೇಲೆ ಗಡಿಯಾರ ನೋಡಿ ವಾಪಸು ಬಂದೆ. ಸಿಂಕಿನಲ್ಲಿ ಪಾತ್ರೆ ಇರಲಿಲ್ಲ. ತೊಳೆದಿಟ್ಟಿದ್ದನ್ನೇ ಇನ್ನೊಂದು ಸಲ ತೊಳೆದೆ.